ದರ್ಶಿನಿ (ಉಪಾಹಾರ ಗೃಹ)

ದರ್ಶಿನಿ ಎಂಬುದು ಬೆಂಗಳೂರಿನಲ್ಲಿ ರೂಪುಗೊಂಡ ಸಸ್ಯಾಹಾರಿ ಉಪಾಹಾರ ಗೃಹದ ಒಂದು ಬಗೆ. ಇಲ್ಲಿ ಗ್ರಾಹಕರು ಮೊದಲು ಹಣ ಕೊಟ್ಟು ಚೀಟಿ ಪಡೆಯುತ್ತಾರೆ, ತಿಂಡಿಯನ್ನು ತಾವೇ ತೆಗೆದುಕೊಂಡು ಬಂದು ಹೆಚ್ಚಾಗಿ ನಿಂತುಕೊಂಡೇ ಸೇವಿಸುತ್ತಾರೆ. ಕಡಿಮೆ ಸ್ಥಳ, ಮಿತವಾದ ತಿಂಡಿಪಟ್ಟಿ, ಕಣ್ಣಿಗೆ ಕಾಣುವ ಅಡುಗೆಮನೆ ಮತ್ತು ಕಡಿಮೆ ಬೆಲೆ ಇದರ ಮುಖ್ಯ ಲಕ್ಷಣಗಳು. 1980ರ ದಶಕದಲ್ಲಿ ಆರಂಭವಾದ ಈ ಪದ್ಧತಿಯು ಬೆಂಗಳೂರಿನ ಬಹುತೇಕ ಬಡಾವಣೆಗಳಿಗೂ ಕರ್ನಾಟಕದ ಇತರ ಪಟ್ಟಣಗಳಿಗೂ ಹಬ್ಬಿದೆ.

ದರ್ಶಿನಿಗಳು ಯಾವುದೋ ಒಂದು ದೊಡ್ಡ ಸಂಸ್ಥೆಯ ಶಾಖೆಗಳಾಗಿ ಬೆಳೆದವುಗಳಲ್ಲ. ಒಂದೇ ಮಾದರಿಯನ್ನು ಅನೇಕ ಸ್ವತಂತ್ರ ಮಾಲೀಕರು ಅನುಸರಿಸಿದ್ದರಿಂದ ಅವುಗಳ ಸಂಖ್ಯೆ ಹೆಚ್ಚಿತು. ಸಣ್ಣ ಪ್ರಮಾಣದ ಸೇವಾ ಉದ್ದಿಮೆಯು ತನ್ನ ಗಾತ್ರವನ್ನು ಸಣ್ಣದಾಗಿಯೇ ಇಟ್ಟುಕೊಂಡು ದೀರ್ಘಕಾಲ ಬಾಳಬಲ್ಲದು ಎಂಬುದಕ್ಕೆ ಇವು ಉತ್ತಮ ನಿದರ್ಶನಗಳಾಗಿವೆ.

ಹೆಸರು

'ದರ್ಶಿನಿ' ಎಂಬ ಪದವು ನೋಡು ಎಂಬ ಅರ್ಥದ ಸಂಸ್ಕೃತದ 'ದೃಶ್' ಧಾತುವಿನಿಂದ ಬಂದಿದೆ. ಅಡುಗೆ ಮಾಡುವುದು ಗ್ರಾಹಕರಿಗೆ ಕಾಣಿಸುವಂತಿರುವ ಈ ಉಪಾಹಾರ ಗೃಹಗಳಿಗೆ ಹೆಸರು ಒಪ್ಪುತ್ತದೆ. ಮೊದಲಿಗೆ ಒಂದು ನಿರ್ದಿಷ್ಟ ಹೋಟೆಲಿನ ಹೆಸರಾಗಿದ್ದ ಇದು ಕಾಲಕ್ರಮೇಣ ಇಡೀ ವರ್ಗವನ್ನು ಸೂಚಿಸುವ ಸಾಮಾನ್ಯ ಪದವಾಯಿತು. ಹೆಸರಿನಲ್ಲಿ 'ದರ್ಶಿನಿ' ಇಲ್ಲದಿದ್ದರೂ ಈ ಪದ್ಧತಿಯಲ್ಲಿ ನಡೆಯುವ ಹೋಟೆಲುಗಳನ್ನು ಜನರು ದರ್ಶಿನಿ ಎಂದೇ ಕರೆಯುತ್ತಾರೆ.

ಹಿನ್ನೆಲೆ

ಬೆಂಗಳೂರಿನ ಸಸ್ಯಾಹಾರಿ ಹೋಟೆಲ್ ಉದ್ದಿಮೆಯ ಬೇರುಗಳು ಕರಾವಳಿಯ ಉಡುಪಿ ಸೀಮೆಯಲ್ಲಿವೆ. ಆ ಭಾಗದಿಂದ ಬಂದ ಕುಟುಂಬಗಳು ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಮದರಾಸು, ಮುಂಬಯಿ, ಬೆಂಗಳೂರು ಮೊದಲಾದ ನಗರಗಳಲ್ಲಿ ಹೋಟೆಲುಗಳನ್ನು ತೆರೆದವು. 1924ರಲ್ಲಿ ಪರಂಪಳ್ಳಿಯ ಮಯ್ಯ ಸಹೋದರರು ಸ್ಥಾಪಿಸಿದ, ಮುಂದೆ ಮಾವಳ್ಳಿ ಟಿಫನ್ ರೂಮ್ಸ್ (ಎಂ.ಟಿ.ಆರ್.) ಎಂದು ಹೆಸರಾದ ಹೋಟೆಲು ಹಾಗೂ 1943ರಲ್ಲಿ ಗಾಂಧಿ ಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನ ಇವುಗಳಲ್ಲಿ ಪ್ರಸಿದ್ಧವಾದವು. ಇಂಥ ಹೋಟೆಲುಗಳಲ್ಲಿ ಗ್ರಾಹಕರು ಮೇಜಿನ ಮುಂದೆ ಕುಳಿತುಕೊಳ್ಳುತ್ತಿದ್ದರು. ಸಪ್ಲೈಯರುಗಳು ಬಂದು ಏನು ಬೇಕೆಂದು ಕೇಳಿ, ತಂದು ಬಡಿಸಿ, ಕೊನೆಯಲ್ಲಿ ಬಿಲ್ಲು ಕೊಡುತ್ತಿದ್ದರು.

ಈ ಪದ್ಧತಿಗೆ ವಿಶಾಲವಾದ ಸ್ಥಳವೂ ಹೆಚ್ಚು ಸಿಬ್ಬಂದಿಯೂ ಅವಶ್ಯಕ. ಬೆಲೆಯನ್ನು ಏರಿಸಲು ಸಾಧ್ಯವಾಗದ ಸಂದರ್ಭ ಬಂದಾಗ ಇದರ ಭಾರವು ಹೋಟೆಲಿನ ಮೇಲೆಯೇ ಬೀಳುತ್ತಿತ್ತು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಇಳಿಸುವಂತೆ ಸರ್ಕಾರವು ನಿರ್ಬಂಧಿಸಿದಾಗ ಎಂ.ಟಿ.ಆರ್. ತನ್ನ ಹೋಟೆಲನ್ನು ಕೆಲವು ವರ್ಷ ಮುಚ್ಚಬೇಕಾಯಿತು. ಆ ಸಂಸ್ಥೆಯು ಸಿದ್ಧ ಹಿಟ್ಟು ಮತ್ತು ಪುಡಿಗಳ ತಯಾರಿಕೆಯತ್ತ ಹೊರಳಿದ್ದು ಆ ಕಾಲದಲ್ಲಿಯೇ.

ಇದೇ ಅವಧಿಯಲ್ಲಿ ನಗರವು ವೇಗವಾಗಿ ಬೆಳೆಯುತ್ತಿತ್ತು. 1971ರ ಜನಗಣತಿಯಲ್ಲಿ ಸುಮಾರು 16.5 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1981ರ ವೇಳೆಗೆ ಸುಮಾರು 29 ಲಕ್ಷಕ್ಕೆ ಏರಿತ್ತು. ಸಾರ್ವಜನಿಕ ವಲಯದ ಕಾರ್ಖಾನೆಗಳು, ಬ್ಯಾಂಕುಗಳು ಮತ್ತು ಸರ್ಕಾರಿ ಕಚೇರಿಗಳ ನೌಕರರಿಗೆ ಬೆಳಗಿನ ಹೊತ್ತು ಬೇಗನೆ ಮುಗಿಯುವ, ಕೈಗೆಟುಕುವ ಬೆಲೆಯ, ಶುಚಿಯಾದ ತಿಂಡಿ ಬೇಕಾಗಿತ್ತು.

ನಿಂತು ತಿನ್ನುವ ಪದ್ಧತಿ ಬೆಂಗಳೂರಿಗೆ ಸಂಪೂರ್ಣವಾಗಿ ಹೊಸದೇನೂ ಆಗಿರಲಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ (1965) ಮತ್ತು ಮಲ್ಲೇಶ್ವರದ ವೀಣಾ ಸ್ಟೋರ್ಸ್ (1977) ಅತಿ ಕಡಿಮೆ ಸ್ಥಳದಲ್ಲಿ, ಕೆಲವೇ ತಿಂಡಿಗಳನ್ನು ಮಾರಿ ಹೆಸರು ಗಳಿಸಿದ್ದವು. ದರ್ಶಿನಿಯು ಇದನ್ನು ಒಂದು ನಿಶ್ಚಿತ ವ್ಯವಸ್ಥೆಯ ರೂಪಕ್ಕೆ ತಂದಿತು.

ಆರಂಭ

ಆರ್. ಪ್ರಭಾಕರ್ ಅವರು 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿದ 'ಕೆಫೆ ದರ್ಶಿನಿ'ಯನ್ನು ಈ ಮಾದರಿಯ ಮೊದಲ ಹೋಟೆಲೆಂದು ಗುರುತಿಸಲಾಗುತ್ತದೆ. ಪಾಶ್ಚಾತ್ಯ ದೇಶಗಳ ತ್ವರಿತ ಆಹಾರದ ಅಂಗಡಿಗಳಲ್ಲಿದ್ದ ಸ್ವಸಹಾಯ ಪದ್ಧತಿ ಮತ್ತು ಇಡ್ಲಿ, ವಡೆ, ದೋಸೆ, ಕಾಫಿಗಳ ಸ್ಥಳೀಯ ಅಭಿರುಚಿ ಇಲ್ಲಿ ಒಂದುಗೂಡಿದವು. ಪ್ರಭಾಕರ್ ಅವರು ಮುಂದೆ ಇತರರಿಗೂ ಇಂಥ ಹೋಟೆಲುಗಳನ್ನು ತೆರೆಯಲು ಮಾರ್ಗದರ್ಶನ ನೀಡಿದರು. ಹೋಟೆಲ್ ಕುಟುಂಬಗಳ ಹಿನ್ನೆಲೆ ಇಲ್ಲದವರೂ ಈ ಕ್ಷೇತ್ರವನ್ನು ಪ್ರವೇಶಿಸಲು ಇದರಿಂದ ಅನುಕೂಲವಾಯಿತು.

ಕಾರ್ಯವಿಧಾನ

ಪಾವತಿ ಮತ್ತು ಚೀಟಿ: ಗ್ರಾಹಕರು ಬಾಗಿಲ ಬಳಿಯ ಗಲ್ಲಾದಲ್ಲಿ ಮೊದಲೇ ಹಣ ಕೊಟ್ಟು ಚೀಟಿ ಪಡೆಯುತ್ತಾರೆ. ಅದನ್ನು ತಿಂಡಿಯ ಕಟ್ಟೆಯಲ್ಲಿ ಅಥವಾ ಕಾಫಿಯ ಕಟ್ಟೆಯಲ್ಲಿ ಕೊಟ್ಟರೆ ತಿಂಡಿ ಸಿಗುತ್ತದೆ. ಹಣ ಪಡೆಯುವವರು ಬೇರೆ, ತಿಂಡಿ ಕೊಡುವವರು ಬೇರೆ. ಸಾಲ ನಿಲ್ಲುವ ಪ್ರಶ್ನೆಯಿಲ್ಲ, ಬಿಲ್ಲು ಕೊಡದೆ ಹೋಗುವವರ ಭಯವಿಲ್ಲ. ದಿನದ ಕೊನೆಯಲ್ಲಿ ಚೀಟಿಗಳ ಲೆಕ್ಕವನ್ನೂ ಗಲ್ಲಾದ ಹಣವನ್ನೂ ತಾಳೆ ನೋಡಿದರೆ ವ್ಯಾಪಾರದ ಸ್ಥಿತಿ ಸ್ಪಷ್ಟವಾಗುತ್ತದೆ. ಯಾವ ತಿಂಡಿ ಎಷ್ಟು ಹೋಯಿತು ಎಂಬ ಮಾಹಿತಿಯೂ ಇದರಿಂದಲೇ ದೊರೆಯುತ್ತದೆ.

ಅಡುಗೆಮನೆ: ತಿಂಡಿ ಕೊಡುವ ಕಟ್ಟೆಯ ಹಿಂದೆಯೇ ಒಲೆಗಳೂ ದೋಸೆಯ ಕಾವಲಿಯೂ ಇಡ್ಲಿ ಬೇಯಿಸುವ ಪಾತ್ರೆಗಳೂ ಇರುತ್ತವೆ. ಅಡುಗೆಯವರು ಸರತಿಯ ಉದ್ದವನ್ನು ಕಣ್ಣಾರೆ ನೋಡಿ ಮುಂದಿನ ಒಬ್ಬೆಯನ್ನು ಹಾಕುತ್ತಾರೆ. ತಯಾರಾದ ತಿಂಡಿ ಹೆಚ್ಚು ಹೊತ್ತು ಉಳಿಯದ ಕಾರಣ ಬಿಸಿಯಾಗಿಯೇ ಗ್ರಾಹಕರ ಕೈ ಸೇರುತ್ತದೆ. ಶುಚಿತ್ವವನ್ನು ಗ್ರಾಹಕರೇ ಪರೀಕ್ಷಿಸಬಹುದಾದ್ದರಿಂದ ಅಡುಗೆಮನೆಯನ್ನು ಅಚ್ಚುಕಟ್ಟಾಗಿ ಇಡುವುದು ಅನಿವಾರ್ಯವಾಗುತ್ತದೆ.

ತಿಂಡಿಪಟ್ಟಿ: ಇಡ್ಲಿ, ಉದ್ದಿನ ವಡೆ, ಖಾರಾಬಾತ್, ಕೇಸರಿಬಾತ್, ಇವೆರಡೂ ಸೇರಿದ ಚೌಚೌಬಾತ್, ದೋಸೆ, ಪೂರಿ, ಅನ್ನದ ಬಾತುಗಳು, ಕಾಫಿ ಮತ್ತು ಚಹಾ ಸಾಮಾನ್ಯವಾಗಿ ದೊರೆಯುತ್ತವೆ. ಇವುಗಳಲ್ಲಿ ಬಹುಪಾಲಿಗೆ ಅಕ್ಕಿ, ಉದ್ದು, ರವೆ, ತೊಗರಿಬೇಳೆ, ತೆಂಗಿನಕಾಯಿಗಳೇ ಮೂಲ ಸಾಮಗ್ರಿ. ಒಂದೇ ಚಟ್ನಿ, ಒಂದೇ ಸಾಂಬಾರು ಹಲವು ತಿಂಡಿಗಳಿಗೆ ಸಲ್ಲುತ್ತದೆ. ಹೀಗಾಗಿ ದಾಸ್ತಾನು ಕಡಿಮೆ, ವ್ಯರ್ಥವಾಗುವುದೂ ಕಡಿಮೆ. ಪಟ್ಟಿಯನ್ನು ಇನ್ನಷ್ಟು ಕಿರಿದಾಗಿಸಿದ ಉದಾಹರಣೆಗಳೂ ಇವೆ. ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ದೋಸೆಯೂ ಇಲ್ಲ, ಸಾಂಬಾರೂ ಇಲ್ಲ. ಇಡ್ಲಿ, ವಡೆಗಳಿಗೆ ಚಟ್ನಿಯೊಂದೇ ಜೊತೆ.

ಮುಂದಾಲೋಚನೆ: ಇಡ್ಲಿ ಮತ್ತು ದೋಸೆಯ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿ ರಾತ್ರಿಯಿಡೀ ಹುದುಗಲು ಬಿಡಬೇಕು. ಬೆಳಿಗ್ಗೆ ಗ್ರಾಹಕರು ಹೆಚ್ಚಿಗೆ ಬಂದರೆಂದು ತಕ್ಷಣವೇ ಹಿಟ್ಟು ತಯಾರಿಸಲು ಬರುವುದಿಲ್ಲ. ಉಳಿದ ಹಿಟ್ಟು ಹುಳಿಯಾಗುತ್ತದೆ. ಆದ್ದರಿಂದ ವಾರದ ದಿನ, ಹಬ್ಬ, ಶಾಲಾ ರಜೆ, ಮಳೆ ಮುಂತಾದವನ್ನು ಗಮನಿಸಿ ನಾಳೆಯ ವ್ಯಾಪಾರವನ್ನು ಇಂದೇ ಅಂದಾಜು ಮಾಡುವುದು ಈ ಉದ್ದಿಮೆಯ ಮುಖ್ಯ ಕೌಶಲವಾಗಿದೆ.

ಆದಾಯ ಮತ್ತು ವೆಚ್ಚದ ಲೆಕ್ಕ

ದರ್ಶಿನಿಯ ಲಾಭವು ಬೆಲೆಯಿಂದ ಬರುವುದಕ್ಕಿಂತ ಹೆಚ್ಚಾಗಿ ಗ್ರಾಹಕರ ಸಂಖ್ಯೆಯಿಂದ ಬರುತ್ತದೆ. ಕುಳಿತು ತಿನ್ನುವ ಹೋಟೆಲಿನಲ್ಲಿ ಒಬ್ಬರು ಅರ್ಧ ಗಂಟೆ ಇರುವರೆಂದು ಭಾವಿಸಿದರೆ 24 ಕುರ್ಚಿಗಳಲ್ಲಿ ಗಂಟೆಗೆ 48 ಜನರು ತಿಂಡಿ ತಿನ್ನಬಹುದು. ನಿಂತು ತಿನ್ನುವವರು 12 ನಿಮಿಷದಲ್ಲಿ ಮುಗಿಸಿದರೆ ಅಷ್ಟೇ ಜನರಿಗೆ ಎಡೆಯಿರುವಲ್ಲಿ ಗಂಟೆಗೆ 120 ಜನರಿಗೆ ಅವಕಾಶವಾಗುತ್ತದೆ. ನಿಲ್ಲಲು ಕುರ್ಚಿಗಿಂತ ಕಡಿಮೆ ಜಾಗ ಸಾಕಾಗುವುದರಿಂದ ವಾಸ್ತವದಲ್ಲಿ ಈ ಅಂತರ ಇನ್ನೂ ಹೆಚ್ಚು.

ಲಾಭದ ಸ್ವರೂಪವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಬಾಡಿಗೆ, ಸಂಬಳ, ವಿದ್ಯುತ್ತು ಸೇರಿ ದಿನಕ್ಕೆ ₹12,000 ಸ್ಥಿರ ವೆಚ್ಚವಿದೆ ಎಂದಿಟ್ಟುಕೊಳ್ಳೋಣ. ಒಂದು ತಟ್ಟೆ ತಿಂಡಿಯ ಬೆಲೆ ₹40. ಅದಕ್ಕೆ ತಗಲುವ ಸಾಮಗ್ರಿ ಮತ್ತು ಅನಿಲದ ವೆಚ್ಚ ₹20. ಪ್ರತಿ ತಟ್ಟೆಗೆ ₹20 ಉಳಿಯುವುದರಿಂದ 600 ತಟ್ಟೆಗಳು ಮಾರಾಟವಾದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. 750 ತಟ್ಟೆಗಳು ಮಾರಾಟವಾದರೆ ₹3,000 ಉಳಿಯುತ್ತದೆ.

ಈಗ ಪೋಲು, ಅಳತೆ ತಪ್ಪುವಿಕೆ, ಹಿಟ್ಟು ಹಾಳಾಗುವಿಕೆಗಳಿಂದ ಪ್ರತಿ ತಟ್ಟೆಗೆ ಕೇವಲ ₹2 ಹೆಚ್ಚು ಖರ್ಚಾಯಿತೆಂದು ಭಾವಿಸೋಣ. ಆಗ 750 ತಟ್ಟೆಗಳಿಂದ ಬರುವುದು ₹13,500, ಉಳಿಯುವುದು ₹1,500. ಅಂದರೆ ಎರಡು ರೂಪಾಯಿಯ ಸೋರಿಕೆಯಿಂದ ಲಾಭವು ಅರ್ಧಕ್ಕಿಳಿಯುತ್ತದೆ. ಮಾಲೀಕರು ಅಲ್ಲಿಲ್ಲದೆ ದಿನಕ್ಕೆ ₹1,000 ಸಂಬಳದ ಮೇಲ್ವಿಚಾರಕರನ್ನು ನೇಮಿಸಿದ್ದರೆ ಉಳಿಯುವುದು ₹500 ಮಾತ್ರ. ಎರಡನೆಯ ಅಂಗಡಿಯನ್ನು ತೆರೆದ ಹಲವರು ಎದುರಿಸುವ ತೊಡಕಿನ ಮೂಲ ಇಲ್ಲಿದೆ. ಮಾರಾಟವು ಇಮ್ಮಡಿಯಾದರೂ ಲಾಭವು ಇಮ್ಮಡಿಯಾಗಬೇಕೆಂದಿಲ್ಲ.

ಸಿಬ್ಬಂದಿ

ಅಡುಗೆ ಭಟ್ಟರು, ದೋಸೆ ಹಾಕುವವರು, ಕಾಫಿ ಮಾಡುವವರು, ತಿಂಡಿ ಕೊಡುವವರು, ಗಲ್ಲಾದಲ್ಲಿ ಕೂರುವವರು ಹಾಗೂ ತಟ್ಟೆಲೋಟ ತೊಳೆದು ಕಟ್ಟೆಗಳನ್ನು ಒರೆಸುವ ಕ್ಲೀನರುಗಳು ದರ್ಶಿನಿಯ ಸಿಬ್ಬಂದಿ. ಉಡುಪಿ ಹೋಟೆಲುಗಳ ಕಾಲದಲ್ಲಿ ಊರಿನ ನೆಂಟರಿಷ್ಟರ ಮೂಲಕ ಹುಡುಗರು ಕೆಲಸಕ್ಕೆ ಬರುತ್ತಿದ್ದರು. ಪಾತ್ರೆ ತೊಳೆಯುವುದರಿಂದ ಆರಂಭಿಸಿ ಅಡುಗೆ, ಖರೀದಿ, ಗಲ್ಲಾ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ಸ್ವಂತ ಹೋಟೆಲು ತೆರೆದವರು ಅನೇಕರು. ಉದ್ದಿಮೆಯ ಶಾಲೆಯೂ ಹೋಟೆಲೇ ಆಗಿತ್ತು.

ಕರಾವಳಿಯಲ್ಲಿ ಶಿಕ್ಷಣವೂ ಇತರ ಉದ್ಯೋಗಾವಕಾಶಗಳೂ ಹೆಚ್ಚಿದಂತೆ ಈ ಮೂಲದಿಂದ ಬರುವವರು ಕಡಿಮೆಯಾದರು. ಈಗ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಒಡಿಶಾ, ಪಶ್ಚಿಮ ಬಂಗಾಳ ಹಾಗೂ ಈಶಾನ್ಯ ರಾಜ್ಯಗಳಿಂದಲೂ ಬಂದ ಕಾರ್ಮಿಕರು ಹೆಚ್ಚಾಗಿ ಕಾಣಸಿಗುತ್ತಾರೆ. ಊಟ ಮತ್ತು ವಸತಿಯನ್ನು ಮಾಲೀಕರೇ ಒದಗಿಸುವ ರೂಢಿ ಮುಂದುವರಿದಿದೆ. ನಸುಕಿನಲ್ಲಿಯೇ ಆರಂಭವಾಗುವ ದುಡಿಮೆ, ಒಲೆಯ ಶಾಖ, ಇಡೀ ದಿನ ನಿಂತಿರಬೇಕಾದ ಸ್ಥಿತಿ ಇವುಗಳಿಂದ ಕೆಲಸವು ಶ್ರಮದಾಯಕವಾಗಿದೆ. ಹದವರಿತ ಭಟ್ಟರೊಬ್ಬರು ಬಿಟ್ಟುಹೋದರೆ ತಿಂಡಿಯ ರುಚಿ ಬದಲಾಗಿ ಗ್ರಾಹಕರು ದೂರವಾಗುವುದುಂಟು. ಆದ್ದರಿಂದ ನ್ಯಾಯವಾದ ಸಂಬಳ, ವಾರದ ರಜೆ ಮತ್ತು ಮೇಲಿನ ಕೆಲಸಕ್ಕೆ ಏರುವ ಅವಕಾಶಗಳು ಕಾರ್ಮಿಕರ ಹಿತಕ್ಕಷ್ಟೇ ಅಲ್ಲದೆ ಹೋಟೆಲಿನ ಉಳಿವಿಗೂ ಸಂಬಂಧಿಸಿವೆ.

ಮಾಲೀಕತ್ವ ಮತ್ತು ವಿಸ್ತರಣೆ

ದರ್ಶಿನಿಗಳು ಬಹುಮಟ್ಟಿಗೆ ಏಕವ್ಯಕ್ತಿ ಮಾಲೀಕತ್ವದಲ್ಲಿ ಅಥವಾ ಪಾಲುದಾರಿಕೆಯಲ್ಲಿ ನಡೆಯುತ್ತವೆ. ಪಾಲುದಾರಿಕೆಗೆ 1932ರ ಭಾರತೀಯ ಪಾಲುದಾರಿಕೆ ಕಾಯಿದೆ ಅನ್ವಯಿಸುತ್ತದೆ. ಈ ಕಾಯಿದೆಯಡಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆಯು ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಒಬ್ಬರು ಬಂಡವಾಳ, ಇನ್ನೊಬ್ಬರು ಅಡುಗೆಯ ಅನುಭವ, ಮತ್ತೊಬ್ಬರು ದಿನನಿತ್ಯದ ದುಡಿಮೆ ಹಾಕುವ ಪಾಲುದಾರಿಕೆಗಳು ಈ ಕ್ಷೇತ್ರದಲ್ಲಿ ಸಾಮಾನ್ಯ. ದುಡಿಯುವ ಪಾಲುದಾರರ ಸಂಬಳವೆಷ್ಟು, ಲಾಭದ ಹಂಚಿಕೆ ಹೇಗೆ, ಒಬ್ಬರು ಹೊರಹೋದರೆ ಅವರ ಪಾಲನ್ನು ಹೇಗೆ ಲೆಕ್ಕ ಹಾಕಬೇಕು, ಹೆಸರಿನ ಹಕ್ಕು ಯಾರದು ಎಂಬುದನ್ನು ಮೊದಲೇ ಪತ್ರದಲ್ಲಿ ಬರೆದುಕೊಳ್ಳದಿದ್ದರೆ ವ್ಯಾಪಾರ ಚೆನ್ನಾಗಿ ನಡೆಯುವಾಗಲೇ ವಿವಾದಗಳು ಹುಟ್ಟುತ್ತವೆ.

ವಿಸ್ತರಣೆಯಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬಹುದು.

1. ವಿಸ್ತರಿಸದೆ ಉಳಿಯುವುದು: ಒಂದೇ ಅಂಗಡಿಯಲ್ಲಿ, ಅದೇ ತಿಂಡಿಪಟ್ಟಿಯೊಂದಿಗೆ, ಮಾಲೀಕರ ನೇರ ಉಸ್ತುವಾರಿಯಲ್ಲಿ ದಶಕಗಳ ಕಾಲ ನಡೆಯುವುದು. ಇಲ್ಲಿ ಬೆಳವಣಿಗೆಯೆಂದರೆ ಗ್ರಾಹಕರ ನಿಷ್ಠೆ, ತೀರಿದ ಸಾಲ ಮತ್ತು ಹೆಚ್ಚಿದ ಹೆಸರು.

2. ಕವಲೊಡೆಯುವುದು: ಅನುಭವ ಪಡೆದ ಸಂಬಂಧಿಕರು ಅಥವಾ ಸಿಬ್ಬಂದಿ ಬೇರೆ ಬಡಾವಣೆಯಲ್ಲಿ ತಮ್ಮದೇ ಹೋಟೆಲು ತೆರೆಯುವುದು. ಹೊಸ ಅಂಗಡಿಗೂ ಗಲ್ಲಾದಲ್ಲಿ ಕೂರುವ ಮಾಲೀಕರೊಬ್ಬರು ಇರುತ್ತಾರೆ. ದರ್ಶಿನಿ ಪದ್ಧತಿ ನಗರದಾದ್ಯಂತ ಹಬ್ಬಿದ್ದು ಬಹುಮಟ್ಟಿಗೆ ಈ ಬಗೆಯಲ್ಲಿಯೇ.

3. ಶಾಖೆಗಳನ್ನು ತೆರೆಯುವುದು: ಒಂದೇ ಹೆಸರಿನಡಿ ಹಲವು ಅಂಗಡಿಗಳನ್ನು ಒಂದು ಸಂಸ್ಥೆಯೇ ನಡೆಸುವುದು. 2021ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಆರಂಭವಾಗಿ ಹೈದರಾಬಾದಿಗೂ ವಿಸ್ತರಿಸಿದ ರಾಮೇಶ್ವರಂ ಕೆಫೆ ಈ ಬಗೆಗೆ ಇತ್ತೀಚಿನ ಉದಾಹರಣೆ.

'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆಯು ಮೊದಲೆರಡು ಬಗೆಗಳ ಹಿಂದಿರುವ ನಂಬಿಕೆಯನ್ನು ಸೂಚಿಸುತ್ತದೆ. ಆದರೆ ಮೂರನೆಯ ಬಗೆಯ ಯಶಸ್ಸು ಈ ನಂಬಿಕೆಯನ್ನು ದಾಟುವುದರಲ್ಲಿದೆ. ಮಾಲೀಕರ ಕಣ್ಣು ಮಾಡುತ್ತಿದ್ದ ಕೆಲಸವನ್ನು ಅಳತೆ, ದಾಖಲೆ ಮತ್ತು ತರಬೇತಿ ಮಾಡಬೇಕಾಗುತ್ತದೆ. ಅಕ್ಕಿ ಮತ್ತು ಉದ್ದಿನ ಪ್ರಮಾಣ, ವಡೆಯ ತೂಕ, ಡಿಕಾಕ್ಷನ್ನಿಗೆ ಬಳಸುವ ಪುಡಿಯ ಅಳತೆ, ದಿನದ ಪೋಲಿನ ಲೆಕ್ಕ ಇವೆಲ್ಲವೂ ಬರಹದಲ್ಲಿರಬೇಕು. ಹಿಟ್ಟು, ಚಟ್ನಿಪುಡಿ, ಸಾಂಬಾರುಪುಡಿಗಳನ್ನು ಒಂದೇ ಕೇಂದ್ರೀಯ ಅಡುಗೆಮನೆಯಲ್ಲಿ ತಯಾರಿಸಿ ಶಾಖೆಗಳಿಗೆ ಕಳುಹಿಸುವ ಕ್ರಮವೂ ಇದೆ. ಮೇಲ್ವಿಚಾರಕರಿಗೆ ಲಾಭದಲ್ಲಿ ಪಾಲು ಕೊಡುವುದು ಇನ್ನೊಂದು ಮಾರ್ಗ. ಇಂಥ ಸಿದ್ಧತೆ ಮೊದಲ ಅಂಗಡಿಯಲ್ಲಿಯೇ ನೆಲೆಗೊಂಡಿದ್ದರೆ ಎರಡನೆಯ ಅಂಗಡಿಯ ಅಪಾಯ ಕಡಿಮೆಯಾಗುತ್ತದೆ. ಮಾಲೀಕರು ಒಂದು ವಾರ ಊರಲ್ಲಿಲ್ಲದಿದ್ದರೂ ಮೊದಲ ಅಂಗಡಿಯ ರುಚಿ ಮತ್ತು ಲೆಕ್ಕ ಕೆಡದಿರುವುದು ವಿಸ್ತರಣೆಗೆ ತಕ್ಕ ಸಿದ್ಧತೆಯ ಸರಳ ಪರೀಕ್ಷೆಯಾಗಿದೆ.

ಕಾನೂನು ಮತ್ತು ತೆರಿಗೆ

ದರ್ಶಿನಿಗಳು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಮಾಡಿಸಬೇಕು. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿಯೂ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ವಹಿವಾಟಿಗೆ ಅನುಗುಣವಾದ ನೋಂದಣಿ ಅಥವಾ ಪರವಾನಗಿಯೂ ಅಗತ್ಯ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ನೌಕರರ ಭವಿಷ್ಯನಿಧಿಯ ನಿಯಮಗಳು ಅನ್ವಯಿಸುತ್ತವೆ.

ಸರಕು ಮತ್ತು ಸೇವಾ ತೆರಿಗೆ (ಜಿ.ಎಸ್.ಟಿ.) ವ್ಯವಸ್ಥೆಯಲ್ಲಿ ಹೋಟೆಲಿನ ತಿಂಡಿಯನ್ನು ಸೇವೆಯೆಂದು ಪರಿಗಣಿಸಲಾಗುತ್ತದೆ. ಸಾಮಾನ್ಯ ಉಪಾಹಾರ ಗೃಹಗಳಿಗೆ 2017ರ ನವೆಂಬರಿನಿಂದ ಶೇ. 5ರ ದರ ಜಾರಿಯಲ್ಲಿದೆ. ಆದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆದುಕೊಳ್ಳಲು ಅವಕಾಶವಿಲ್ಲ. ವಾರ್ಷಿಕ ವಹಿವಾಟು ₹1.5 ಕೋಟಿ ಮೀರದ ಹೋಟೆಲುಗಳು ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಆಗ ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ.

ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. 2025ರ ಏಪ್ರಿಲ್ 1ರಿಂದ ಅನ್ವಯಿಸುವ ಪರಿಷ್ಕೃತ ಮಿತಿಯಂತೆ ₹2.5 ಕೋಟಿಯವರೆಗೆ ಹೂಡಿಕೆ ಮತ್ತು ₹10 ಕೋಟಿಯವರೆಗೆ ವಹಿವಾಟು ಇರುವ ಸಂಸ್ಥೆಗಳು 'ಸೂಕ್ಷ್ಮ ಉದ್ಯಮ'ಗಳಾಗಿವೆ. ಬಹುತೇಕ ದರ್ಶಿನಿಗಳು ಈ ವರ್ಗಕ್ಕೆ ಸೇರುತ್ತವೆ.

ಯುಪಿಐ ಪಾವತಿ ಬಂದ ಮೇಲೆ ಚಿಲ್ಲರೆಯ ತೊಂದರೆ ತಪ್ಪಿತು. ಜೊತೆಗೆ ವಹಿವಾಟಿನ ದಾಖಲೆಯೂ ಉಳಿಯತೊಡಗಿತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯು ಕರ್ನಾಟಕದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ ಲೆಕ್ಕಪತ್ರಗಳನ್ನು ಕ್ರಮವಾಗಿ ಇಡುವ ವಿಷಯವು ವ್ಯಾಪಕ ಚರ್ಚೆಗೆ ಬಂದಿತು.

ಸವಾಲುಗಳು

ಬಾಡಿಗೆ: ಹೋಟೆಲಿನಿಂದಾಗಿಯೇ ಜನಸಂಚಾರ ಹೆಚ್ಚಿ, ಆ ಜಾಗದ ಬೆಲೆ ಏರಿ, ಒಪ್ಪಂದ ನವೀಕರಿಸುವಾಗ ಅಧಿಕ ಬಾಡಿಗೆ ತೆರಬೇಕಾಗುವುದುಂಟು. ದೀರ್ಘಾವಧಿಯ ಬಾಡಿಗೆ ಕರಾರು ಅಥವಾ ಸ್ವಂತ ಕಟ್ಟಡ ಹೊಂದಿದ ಹೋಟೆಲುಗಳು ಹೆಚ್ಚು ಕಾಲ ಉಳಿಯುವ ಸಾಧ್ಯತೆಯಿದೆ.

ಬೆಲೆ: ಹಾಲು, ಕಾಫಿಪುಡಿ, ತೆಂಗಿನಕಾಯಿ, ವಾಣಿಜ್ಯ ಬಳಕೆಯ 19 ಕಿಲೋಗ್ರಾಂ ಅನಿಲ ಸಿಲಿಂಡರುಗಳ ಬೆಲೆ ಆಗಾಗ ಬದಲಾಗುತ್ತದೆ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರವು ಲೀಟರಿಗೆ ₹4 ಏರಿತು. ಕಾಫಿಯ ಬೆಲೆಯನ್ನು ಒಂದೆರಡು ರೂಪಾಯಿ ಏರಿಸಿದರೂ ದಿನವೂ ಬರುವ ಗ್ರಾಹಕರು ಅದನ್ನು ಗಮನಿಸುತ್ತಾರೆ. ಏರಿಸದಿದ್ದರೆ ಲಾಭ ಕರಗುತ್ತದೆ.

ಸ್ಪರ್ಧೆ: ಮನೆಗೆ ತಿಂಡಿ ತಲುಪಿಸುವ ಆನ್‌ಲೈನ್ ಸೇವೆಗಳು ಹೊಸ ಗ್ರಾಹಕರನ್ನು ತಂದುಕೊಡುತ್ತವೆಯಾದರೂ ಅವು ಪಡೆಯುವ ಕಮಿಷನ್ ಕಡಿಮೆ ಲಾಭದ ದರ್ಶಿನಿಗಳಿಗೆ ಹೊರೆಯಾಗುತ್ತದೆ. 2017ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರವು ಬೆಂಗಳೂರಿನಲ್ಲಿ ಆರಂಭಿಸಿದ ಇಂದಿರಾ ಕ್ಯಾಂಟೀನುಗಳಲ್ಲಿ ಉಪಾಹಾರಕ್ಕೆ ₹5, ಊಟಕ್ಕೆ ₹10 ದರವಿತ್ತು. ಇವು ಸರ್ಕಾರದ ಸಹಾಯಧನದಿಂದ ನಡೆಯುವುದರಿಂದ ದರ್ಶಿನಿಗಳೊಂದಿಗೆ ನೇರವಾಗಿ ಹೋಲಿಸಲು ಬರುವುದಿಲ್ಲ.

ಆಕಸ್ಮಿಕ ವಿಪತ್ತು: 2020ರ ಮಾರ್ಚ್ 25ರಿಂದ ಜಾರಿಯಾದ ಕೋವಿಡ್ ದಿಗ್ಬಂಧನದಲ್ಲಿ ಹೋಟೆಲುಗಳು ಪಾರ್ಸೆಲ್ ವ್ಯಾಪಾರಕ್ಕೆ ಸೀಮಿತವಾದವು. ಕಾರ್ಮಿಕರು ಊರುಗಳಿಗೆ ಮರಳಿದರು. ದಿನದ ವಸೂಲಿಯನ್ನೇ ನಂಬಿ, ಬಾಡಿಗೆಗೂ ಸಂಬಳಕ್ಕೂ ಬೇಕಾದ ಕೆಲವು ತಿಂಗಳ ಮೀಸಲು ಹಣವಿಲ್ಲದ ಉದ್ದಿಮೆಗಳು ಎಷ್ಟು ದುರ್ಬಲವೆಂಬುದನ್ನು ಈ ಅವಧಿಯು ತೋರಿಸಿತು.

ಸಾಮಾಜಿಕ ಮಹತ್ವ

ದರ್ಶಿನಿಯಲ್ಲಿ ಎಲ್ಲರಿಗೂ ಒಂದೇ ಸರತಿ, ಒಂದೇ ಕಟ್ಟೆ. ಆಟೋ ಚಾಲಕರು, ವಿದ್ಯಾರ್ಥಿಗಳು, ಕಚೇರಿ ನೌಕರರು, ಬೆಳಗಿನ ವಾಯುವಿಹಾರ ಮುಗಿಸಿ ಬರುವ ಹಿರಿಯರು ಅಕ್ಕಪಕ್ಕದಲ್ಲಿ ನಿಂತು ತಿಂಡಿ ತಿನ್ನುತ್ತಾರೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ 'ಬೈ ಟೂ' ರೂಢಿಯು ಬೆಂಗಳೂರಿನ ಹೋಟೆಲ್ ಸಂಸ್ಕೃತಿಯ ಭಾಗವಾಗಿದ್ದು ದರ್ಶಿನಿಗಳಲ್ಲಿಯೂ ಮುಂದುವರಿದಿದೆ. ಆದರೆ ಕೂರಲು ಆಸನವಿಲ್ಲದಿರುವುದು ವಯೋವೃದ್ಧರಿಗೂ ಅಂಗವಿಕಲರಿಗೂ ತೊಂದರೆಯಾಗುತ್ತದೆ. ಈ ಕಾರಣದಿಂದ ಹಲವು ದರ್ಶಿನಿಗಳು ಒಂದು ಬದಿಯಲ್ಲಿ ಕೆಲವು ಆಸನಗಳನ್ನು ಇರಿಸಿವೆ. ಒಂದು ಭಾಗದಲ್ಲಿ ನಿಂತು ತಿನ್ನುವ ವ್ಯವಸ್ಥೆಯನ್ನೂ ಇನ್ನೊಂದು ಭಾಗದಲ್ಲಿ ಕುಳಿತು ತಿನ್ನುವ ವ್ಯವಸ್ಥೆಯನ್ನೂ ಹೊಂದಿದ ಹೋಟೆಲುಗಳೂ ಇವೆ.

ಇವನ್ನೂ ನೋಡಿ

ಉಡುಪಿ ಹೋಟೆಲು
ಮಾವಳ್ಳಿ ಟಿಫನ್ ರೂಮ್ಸ್
ವಿದ್ಯಾರ್ಥಿ ಭವನ
ಇಂದಿರಾ ಕ್ಯಾಂಟೀನ್
ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳು